ಮನೆಯಲ್ಲಿ ಹೊಗೆ ಇದೆಯಾ ಅಂತ ಕೇಳಿದಾಗ

ಇದು ಎರಡೂವರೆ ವರ್ಷದ ಹಿಂದಿನ ಮಾತು. ಎಳ್ಳಮಾಸಿ ಹಬ್ಬ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ಚೊಚ್ಚಲ ಬಸುರಿ ಮಗಳು ಮಹಾನಂದಾಳ ಕುಬಸ, ಅಂದರೆ ಸೀಮಂತ, ಮಾಡಬೇಕೆಂದು ಹಸಿರು ಸೀರೆ, ಹಸಿರು ಬಳೆ ತಂದಿಟ್ಟು, ಜೇವರ್ಗಿಯ ಗಂಡನ ಮನೆಯಿಂದ ಅವಳನ್ನು ನಮ್ಮ ಅಫಜಲಪುರಕ್ಕೆ ಕರೆದುಕೊಂಡು ಬಂದಿದ್ದೆ. ಅವಳಿಗೆ ಆರು ತಿಂಗಳು ತುಂಬಿ ಏಳರಲ್ಲಿ ಬಿದ್ದಿತ್ತು. ಬಂದ ಮೂರನೇ ದಿನ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವಳು ಹಾಗೇ ನಿಂತು, "ಯವ್ವಾ, ನೀರು ಹೋಗಾಕತ್ತಾವು" ಅಂದಳು. ಆ ಹಸಿರು ಸೀರೆಯ ಮಡಿಕೆ ಬಿಚ್ಚಲೇ ಇಲ್ಲ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ನಾಲ್ಕನೇ ಇಯತ್ತೆವರೆಗೆ ಕಲಿತವಳು. ಇದನ್ನು ನಾನೇ ಬರೆದು ಮಗಳಿಂದ ತಪ್ಪು ತಿದ್ದಿಸಿದ್ದೇನೆ. ಒಂದು ಕಡೆ ಅವಳು, ಇದು ಬೇಡ, ಮಂದಿ ಏನಂದಾರು ಅಂತ ಗೀಟು ಹೊಡೆದಿದ್ದಳು. ಅದನ್ನು ಮತ್ತೆ ಬರೆದಿದ್ದೇನೆ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಮಾಡಿ ಮಾರುವುದೇ ನನ್ನ ಕಸುಬು. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ನಾಲ್ಕು ಕಟ್ಟಿಗೆ ಒಲೆ, ನಾನು ಮತ್ತು ಮೂವರು ಹೆಂಗಸರು. ಮದುವೆ ಮನೆಗೆ, ಖಾನಾವಳಿಗೆ, ಹವಳಗಾ ಕಡೆ ಕಬ್ಬು ಕಡಿಯಲು ಬಂದ ಗ್ಯಾಂಗಿನವರಿಗೆ ನಮ್ಮ ರೊಟ್ಟಿ ಹೋಗುತ್ತದೆ. ಇಪ್ಪತ್ತು ವರ್ಷ ಊದುಗೊಳವೆಯಿಂದ ಒಲೆ ಊದಿ ಊದಿ, ಚಳಿಗಾಲ ಬಂದರೆ ನನಗೆ ಕೆಮ್ಮು ಬಿಡುವುದಿಲ್ಲ. ಆದರೂ ಹೊಗೆ ಅಂದರೆ ನನಗೆ ಗಾಳಿ ಇದ್ದ ಹಾಗೆ. ಇದೆ ಅಂತಲೇ ತಿಳಿಯುತ್ತಿರಲಿಲ್ಲ. ಇನ್ನೊಂದು, ನಾನು ನೆಟ್ಟಗೆ ಮಾತಾಡುವವಳು, ಮುಖ ನೋಡಿ ಮಾತು ಬದಲಿಸುವವಳಲ್ಲ ಅಂತ ಓಣಿಗೆಲ್ಲ ಗೊತ್ತು. ನನಗೂ ಅದರ ಜಂಬ ಇತ್ತು.

ನಮ್ಮೂರಿನ ದವಾಖಾನೆಯಲ್ಲಿ ನೋಡಿದವರು, ಇಷ್ಟು ಎಳೆಯ ಕೂಸನ್ನು ಉಳಿಸುವ ಮಷಿನ್ ನಮ್ಮಲ್ಲಿಲ್ಲ, ಹೊಟ್ಟೆಯೊಳಗಿರುವಾಗಲೇ ಕಲಬುರಗಿಗೆ ಒಯ್ಯಿರಿ ಅಂದರು. ಒಯ್ದೆವು. ಅಲ್ಲಿ ಕೂಸಿನ ಪುಪ್ಪುಸ ಗಟ್ಟಿಯಾಗಲಿ ಅಂತ ತಾಯಿಗೆ ಸೂಜಿ ಕೊಟ್ಟು ಎರಡು ದಿನ ಹೆರಿಗೆ ತಡೆದರು. ಮೂರನೇ ದಿನ ಹೆಣ್ಣು ಕೂಸು ಹುಟ್ಟಿತು. ತೂಕ ಕಿಲೋಗೂ ಕಮ್ಮಿ. ದಿನಾ ಹಿಟ್ಟು ತೂಗುವ ಕೈ ನನ್ನದು. ಒಂದು ಸೇರು ಹಿಟ್ಟಿನಷ್ಟೂ ಇಲ್ಲದ ಮೊಮ್ಮಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಬಾಯಲ್ಲಿ ನಳಿಗೆ. ಮಷಿನ್ ಗಾಳಿ ಒತ್ತಿದರೆ ಎದೆ ಉಬ್ಬಬೇಕು, ಬಿಟ್ಟರೆ ಇಳಿಯಬೇಕು. ಅವಳ ಉಸಿರು ಅವಳದಾಗಿರಲಿಲ್ಲ.

ಬೀಗತಿ ಕಾಶೀಬಾಯಿ ಜೇವರ್ಗಿಯಿಂದ ಬಂದು ಇಳಿದದ್ದೇ ತಡ ಶುರು ಮಾಡಿದಳು.

"ತವರಿಗೆ ಕಳಿಸಿ ವಾರ ಆಗಿಲ್ಲ. ಏನ್ ತಿನ್ನಿಸಿದ್ರಿ ಬೀಗತಿ?"

"ನಿಮ್ಮ ಮನ್ಯಾಗ ಆರು ತಿಂಗಳು ಏನ್ ಸಿಗಲಿಲ್ಲೋ ಅದನ್ನ ತಿನ್ನಿಸಿದೆ" ಅಂದೆ.

ನಾವಿಬ್ಬರೂ ಮೊದಲಿನಿಂದ ಹೀಗೆಯೇ. ಮದುವೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅಂದಲ್ಲಿಂದ ಹಿಡಿದು ಇಲ್ಲಿಯವರೆಗೆ ಒಂದು ಮಾತಿಗೂ ಕೂಡಿದವರಲ್ಲ.

ಎರಡನೇ ದಿನ ಕೂಸುಗಳ ಡಾಕ್ಟರ್ ಮೇಡಂ ನಮ್ಮನ್ನು ಒಂದು ಸಣ್ಣ ಖೋಲಿಗೆ ಕರೆದರು. ಬೀದರ ಕಡೆಯವರು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬೇಕು. ನಾನು, ಬೀಗತಿ, ಅಳಿಯ ಶರಣಪ್ಪ ಕೂತೆವು. ಶರಣಪ್ಪ ಕರೆಂಟಿನ ಲೈನ್‌ಮನ್. ಮಾತು ಕಮ್ಮಿ.

ಮೇಡಂ ಹೇಳಿದ್ದು ನನಗೆ ತಿಳಿದಷ್ಟು ಹೇಳುತ್ತೇನೆ. ಇಷ್ಟು ಬೇಗ ಹುಟ್ಟಿದ ಕೂಸಿನ ಪುಪ್ಪುಸ ಇನ್ನೂ ಪೂರಾ ಬೆಳೆದಿರುವುದಿಲ್ಲ. ಮಷಿನ್ನಿನ ಗಾಳಿ ಮತ್ತು ಆಕ್ಸಿಜನ್ ಇಲ್ಲದೆ ಅದು ಬದುಕುವುದಿಲ್ಲ. ಆದರೆ ಅದೇ ಗಾಳಿ ದಿನಗಟ್ಟಲೆ ಹೊಡೆದರೆ ಎಳೆಯ ಪುಪ್ಪುಸದಲ್ಲಿ ಬಾವು ಬಂದು ಕಲೆ ಕಟ್ಟುತ್ತದೆ. ಕೆಲವು ಕೂಸುಗಳು ಉಳಿದರೂ ತಿಂಗಳುಗಟ್ಟಲೆ ಆಕ್ಸಿಜನ್ ಬಿಟ್ಟಿರಲಾರವು, ಮುಂದೆಯೂ ಮಾತುಮಾತಿಗೆ ದಮ್ಮು. ಇದು ಬಾರದಂತೆ ತಡೆಯಲು ಈಗ ಒಂದು ಹೊಸ ದಾರಿ ಹುಡುಕುತ್ತಿದ್ದಾರೆ. ತಿಂಗಳು ತುಂಬಿ ಗಟ್ಟಿಮುಟ್ಟಾಗಿ ಹುಟ್ಟಿದ ಬೇರೆ ಕೂಸುಗಳ ಹೊಕ್ಕಳ ಬಳ್ಳಿಯನ್ನು, ಅವುಗಳ ತಾಯಂದಿರು ಒಪ್ಪಿ ಕೊಟ್ಟಿರುತ್ತಾರೆ. ಅದರಿಂದ ಜೀವಕೋಶ ತೆಗೆದು, ಬೆಳೆಸಿ, ಇಂಥ ಎಳೆಯ ಕೂಸಿಗೆ ಹುಟ್ಟಿದ ಸ್ವಲ್ಪ ದಿನದಲ್ಲೇ ಕೊಡುತ್ತಾರೆ. ಆ ಕೋಶ ಹೋಗಿ ಪುಪ್ಪುಸ ಆಗುವುದಿಲ್ಲ. ಬಾವು ಇಳಿಸಿ, ಪುಪ್ಪುಸ ತನ್ನಷ್ಟಕ್ಕೆ ತಾನು ಮಾಯಲು ನೆರವಾಗಬಹುದು ಅಂತ ಆಸೆ.

"ಆಗಬಹುದು ಅಂತೀರಿ. ಆಗತದ ಅಂತ ಯಾಕ ಅನ್ನವಲ್ರಿ?" ಅಂತ ಕೇಳಿದೆ.

"ಗೊತ್ತಿಲ್ಲ ಆಯಿ. ಅದಕ್ಕಂತೇ ಅರ್ಧ ಕೂಸುಗಳಿಗೆ ಕೋಶ ಕೊಡ್ತೇವಿ, ಅರ್ಧ ಕೂಸುಗಳಿಗೆ ಬರೀ ಉಪ್ಪುನೀರು. ಉಳಿದ ಇಲಾಜು ಎಲ್ಲರಿಗೂ ಒಂದೇ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತತದ. ನಿಮಗೂ ತಿಳಿಯೂದಿಲ್ಲ, ನನಗೂ ತಿಳಿಯೂದಿಲ್ಲ."

"ಅಂದ್ರ ನಮ್ಮ ಕೂಸಿನ ಮ್ಯಾಲೆ ನೀವು ಕಲಿಯಾಕತ್ತೀರಿ."

ಶರಣಪ್ಪ ಮುಖ ಕೆಳಗೆ ಹಾಕಿದ. ಮೇಡಂ ಸಿಟ್ಟಾಗಲಿಲ್ಲ.

"ಹೌದ್ರಿ. ಕಲಿಯಾಕತ್ತೇವಿ. ಖಾತ್ರಿ ಇದ್ದಿದ್ರ ನಿಮ್ಮನ್ನ ಕೂರಿಸಿ ಇಷ್ಟೊತ್ತು ಹೇಳ್ತಿರಲಿಲ್ಲ, ಕೊಟ್ಟೇ ಬಿಡ್ತಿದ್ದೆ. ನೀವು ಒಲ್ಲೆ ಅಂದ್ರೂ ನಿಮ್ಮ ಕೂಸಿನ ಇಲಾಜು ಹಿಂಗೇ ನಡೀತದ."

ಆ ಮಾತು ನನಗೆ ಸೇರಿತು. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೀಗತಿಯ ಚಿಂತೆ ಬೇರೆ. ಹೊಕ್ಕಳ ಬಳ್ಳಿ ಅಂದರೆ ನಮ್ಮ ಕಡೆ ಮಾಸಿನ ಜೊತೆ ಅರಿಷಿಣ ಹಾಕಿ ಹುಗಿಯುವ ವಸ್ತು. ಅದನ್ನು ಹೊರಗಿನವರಿಗೆ ಯಾರು ಕೊಟ್ಟರು, ಯಾವ ಜಾತಿ, ಯಾವ ಪೈಕಿಯವರು ಅಂತ ಕೇಳಿದಳು. ಅವರ ಹೆಸರು ಕೂಡ ನಮಗೆ ತಿಳಿಯುವುದಿಲ್ಲ ಅಂದರು ಮೇಡಂ. ನಾನು ತಡೆಯಲಾರದೆ, "ನಿಮ್ಮ ಮಗ ದಿನಾ ಕಂಬ ಹತ್ತತಾನ. ತಂತಿಯೊಳಗ ಬರೂ ಕರೆಂಟು ಯಾವ ಪೈಕಿ ಅಂತ ಕೇಳಿ ಹತ್ತತಾನೇನು?" ಅಂದೆ. ಶರಣಪ್ಪ ಆ ವಾರ ನಕ್ಕದ್ದು ಅದೊಂದೇ ಸಲ. ಅವನು ಒಪ್ಪಿಗೆಯ ಕಾಗದವನ್ನು ಎರಡು ಸಲ ಓದಿ, ಮಹಾನಂದಾಳ ಹಾಸಿಗೆಯ ಹತ್ತಿರ ಹೋಗಿ ಅವಳಿಗೂ ಓದಿ ಹೇಳಿದ, ಆಮೇಲೆ ಇಬ್ಬರೂ ಸಹಿ ಮಾಡಿದರು.

ಐದನೇ ದಿನ ಔಷಧ ಕೊಟ್ಟರು. ಸಿರಿಂಜಿಗೆ ಕಾಗದ ಸುತ್ತಿದ್ದರು, ಒಳಗೆ ಏನಿದೆ ಅಂತ ಕೊಡುವವರಿಗೂ ಕಾಣಬಾರದು. ನಳಿಗೆಯೊಳಗೆ ಒಂದು ಚಮಚೆಗಿಂತ ಕಮ್ಮಿ ಏನೋ ಹೋಯಿತು. ಗಾಜಿನ ಹೊರಗೆ ನಿಂತು ನೋಡಿದೆ. ಕಣ್ಣಿಗೆ ಕಾಣುವಂಥದ್ದು ಏನೂ ಆಗಲಿಲ್ಲ. ಆಗುತ್ತದೆ ಅಂತ ನಿಂತಿದ್ದ ನನ್ನ ಕಾಲು ನೋಯಿತು, ಅಷ್ಟೇ.

ಆಮೇಲೆ ಎರಡೂವರೆ ತಿಂಗಳು. ಒಂದು ದಿನ ನಳಿಗೆ ತೆಗೆದರು, ಮೂರು ದಿನಕ್ಕೆ ಮತ್ತೆ ಹಾಕಿದರು. ಮತ್ತೆ ತೆಗೆದರು. ಕೂಸನ್ನು ಬರೀ ಎದೆಗೆ ಅಂಟಿಸಿಕೊಂಡು ಕೂರುವುದಕ್ಕೆ ತಾಯಿಗೆ ಹೇಳಿಕೊಟ್ಟರು. ಅವಳಿಗೆ ಜ್ವರ ಬಂದ ದಿನ ಊರಿನ ಒಲೆ ಬಿಟ್ಟು ನಾನು ಹೋದೆ. ಬಾಗಿಲಲ್ಲೇ ಸಿಸ್ಟರ್ ಮೂಗು ಮುಚ್ಚಿಕೊಂಡು, "ಆಯಿ, ಮೈಯೆಲ್ಲ ಹೊಗಿ ವಾಸನಿ. ತಲಿ ಮ್ಯಾಲೆ ನೀರು ಹಾಕ್ಕೊಂಡು, ನಾವು ಕೊಡೂ ಅರಿವಿ ಉಟ್ಟು ಬರ್ರಿ" ಅಂದಳು. ನನಗೆ ಅವಮಾನ ಆಯಿತು. ಇಪ್ಪತ್ತು ವರ್ಷ ಒಲೆ ಮುಂದೆ ದುಡಿದ ಮೈ ವಾಸನೆ ಬರುತ್ತದಂತೆ. ಸ್ನಾನ ಮಾಡಿ ಬಂದು ಕೂಸನ್ನು ಎದೆಯ ಮೇಲೆ ಹಾಕಿಕೊಂಡೆ. ನನ್ನ ಕೆಮ್ಮನ್ನು ತಡೆದು ತಡೆದು ಕಣ್ಣಲ್ಲಿ ನೀರು ಬಂತು. ಅಳು ಅಲ್ಲ, ಕೆಮ್ಮು.

ಕೊನೆಗೆ ಕೂಸು ಆಕ್ಸಿಜನ್ ಬಿಟ್ಟಿತು. ಮೂಗಿನ ಹತ್ತಿರದ ನಳಿಗೆ ಕಿತ್ತ ಮೇಲೆ ಅವಳ ಮುಖವನ್ನು ನಾವು ಮೊದಲ ಸಲ ಪೂರಾ ನೋಡಿದೆವು. ಮನೆಗೆ ಕಳಿಸುವಾಗ ಮೇಡಂ ಒಂದೇ ಮಾತನ್ನು ಮೂರು ಸಲ ಹೇಳಿದರು: ಮನೆಯಲ್ಲಿ ಹೊಗೆ ಇರಬಾರದು. ಕಟ್ಟಿಗೆ ಒಲೆ ಬೇಡ, ಊದುಬತ್ತಿ ಬೇಡ, ಲೋಬಾನ ಬೇಡ, ಬೀಡಿ ಬೇಡ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಿಂದ ಫೋನು ಬರುತ್ತದೆ, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ ಅಂದರು.

ಚೊಚ್ಚಲ ಬಾಣಂತನ ತವರಿನದು. ಕೂಸು ನಮ್ಮ ಅಫಜಲಪುರದ ಮನೆಗೇ ಬಂತು. ಆರಾಧ್ಯ ಅಂತ ಹೆಸರಿಟ್ಟರು. ನನ್ನ ಬಾಯಿಗೆ ಬಂದದ್ದು ಆರೂ. ಫೋನು ಬರುವ ಹೊತ್ತಿಗೆ ಮಹಾನಂದಾ ಕೂಸಿಗೆ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದಳು, ಹಾಗಾಗಿ ನಾನೇ ಎತ್ತುತ್ತಿದ್ದೆ. ಒಬ್ಬಳು ಹುಡುಗಿ ಪಟ್ಟಿ ಹಿಡಿದು ಕೇಳುವಳು. ಕೂಸು ಹಾಲು ಕುಡಿಯುತ್ತದಾ, ಕೆಮ್ಮು ಇದೆಯಾ, ತೂಕ ಎಷ್ಟು.

"ಮನ್ಯಾಗ ಹೊಗಿ ಅದ ಏನ್ರಿ ಆಯಿ?"

"ಇಲ್ಲ."

ಹಿಂದೆ ಶೆಡ್ಡಿನಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ಕೇಳಿದ್ದು ಮನೆಯೊಳಗೆ ಅಂತ, ಶೆಡ್ಡು ಮನೆಯಲ್ಲ ಅಂತ ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ. ಇದೆ ಅಂದರೆ ಒಲೆ ಆರಿಸಿ ಅಂತಾರೆ, ಇಲ್ಲವೇ ಕೂಸನ್ನು ಜೇವರ್ಗಿಗೆ ಕಳಿಸಿ ಅಂತಾರೆ. ಎರಡೂ ನನಗೆ ಬೇಕಾಗಿರಲಿಲ್ಲ. ಆ ಇಲ್ಲ ಅನ್ನುವ ಮಾತನ್ನು ಐದಾರು ಸಲವಾದರೂ ಹೇಳಿರಬೇಕು. ನೆಟ್ಟಗೆ ಮಾತಾಡುವವಳು ಅಂತ ಹೆಸರಿದ್ದವಳು ನಾನು. ಮಗಳು ಗೀಟು ಹೊಡೆದದ್ದು ಇಲ್ಲಿಯೇ.

ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಕೂಸಿಗೆ ನೆಗಡಿ, ಮೂಗು ಗೊರಗೊರ. ಬೀಗತಿ ನೋಡಲು ಬಂದವಳು ಚೀಲದಿಂದ ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಲೋಬಾನ.

"ಐದು ತಿಂಗಳಾತು. ಇನ್ನೂ ಒಂದು ದಿನ ಕೂಸಿಗೆ ಹೊಗಿ ಕಾಣಿಸಿಲ್ಲ. ನೆಗಡಿ ಆಗದ ಇನ್ನೇನಾಗತದ?"

ನಮ್ಮ ಕಡೆ ಕೂಸಿಗೆ ಎರೆದು, ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿದರೆ ಶೀತ ಹೋಗುತ್ತದೆ ಅಂತ. ನಾನು ಹಾಗೆಯೇ ಬೆಳೆದೆ, ಮಹಾನಂದಾಳನ್ನೂ ಹಾಗೆಯೇ ಬೆಳೆಸಿದೆ. ಡಾಕ್ಟರು ಬೇಡ ಅಂದದ್ದು ಒಲೆಯ ಹೊಗೆ, ಇದು ಔಷಧದ ಹೊಗೆ ಅಂತ ಬೀಗತಿ ಅಂದಳು. ಅವಳು ಹೇಳಿದ್ದಕ್ಕೆ ನಾನು ಹೂಂ ಅಂದದ್ದು ಜನ್ಮದಲ್ಲಿ ಅದೊಂದೇ ಸಲ. ಮಹಾನಂದಾ ಕೇಳಿದರೆ ಬೇಡ ಅನ್ನುವಳು ಅಂತ ಇಬ್ಬರಿಗೂ ಗೊತ್ತಿತ್ತು. ಅವಳು ಬ್ಯಾಂಕಿಗೆ ಹೋಗುವವರೆಗೆ ಕಾದೆವು. ನಾನೇ ಶೆಡ್ಡಿನಿಂದ ಹಂಚಿನ ಚೂರಿನಲ್ಲಿ ಕೆಂಡ ತಂದೆ. ಬೀಗತಿ ಲೋಬಾನ ಹಾಕಿದಳು. ನಾನು ಕೂಸನ್ನು ಅದರ ಮೇಲೆ ಹಿಡಿದು ಸುತ್ತ ದುಪ್ಪಟಿ ಮುಚ್ಚಿದೆ.

ಅಳುತ್ತಿದ್ದ ಕೂಸು ಸುಮ್ಮನಾಯಿತು. "ನೋಡ್ರಿ, ಹೆಂಗ ತಣ್ಣಗಾತು" ಅಂದಳು ಬೀಗತಿ. ತಣ್ಣಗಾದದ್ದಲ್ಲ. ಅಳುವುದಕ್ಕೆ ಉಸಿರೇ ಇರಲಿಲ್ಲ. ದುಪ್ಪಟಿ ತೆಗೆದು ನೋಡಿದರೆ ಪಕ್ಕೆಲುಬಿನ ಕೆಳಗೆ ಹೊಟ್ಟೆ ಗುಳಿ ಬೀಳುತ್ತಿದೆ, ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿದೆ, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಆಸ್ಪತ್ರೆಯಲ್ಲಿ ಎರಡೂವರೆ ತಿಂಗಳು ನಾನು ಆ ಬಣ್ಣ ನೋಡಿದ್ದೆ.

ಕೂಸನ್ನು ಎತ್ತಿಕೊಂಡು ನಮ್ಮೂರಿನ ದವಾಖಾನೆಗೆ ಓಡಿದೆ. ಆಟೋಗೆ ಕಾಯಲಿಲ್ಲ. ಅಲ್ಲಿ ಆಕ್ಸಿಜನ್ ಹಚ್ಚಿ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಮಹಾನಂದಾ ಬ್ಯಾಂಕಿನಿಂದ ನೆಟ್ಟಗೆ ಅಲ್ಲಿಗೇ ಬಂದು ಹತ್ತಿದಳು. ಏನಾಯಿತು ಅಂತ ಕೇಳಿದಳು. ನೆಗಡಿ ಏರಿತು ಅಂದೆ. ಬೀಗತಿ ಕಿಟಕಿಯ ಹೊರಗೆ ನೋಡಿದಳು.

ಬಿಟ್ಟಿದ್ದ ಆಕ್ಸಿಜನ್ ಆರೂಗೆ ಮತ್ತೆ ಬಂತು. ಈ ಸಲ ಮೂಗಿಗೆ ಹಚ್ಚಿದ್ದು ಬಿಡುತ್ತಾಳೋ ಇಲ್ಲವೋ ಅಂತ ಯಾರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ವರಾಂಡದಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಎದೆಹಾಲು ಹಿಂಡಿ ತಂದ ಸ್ಟೀಲಿನ ಪುಟ್ಟ ಬಟ್ಟಲು. ಆಳಂದ ತಾಲೂಕಿನ ಮಾದನಹಿಪ್ಪರಗಾದವಳಂತೆ. ಹೆತ್ತು ನಾಲ್ಕು ದಿನ, ಕೂಸು ಹುಟ್ಟಿದಾಗಿನ ನಮ್ಮ ಆರೂನಷ್ಟೇ. ನಿನ್ನೆ ಅವಳೂ ಗಂಡನೂ ಅದೇ ಕಾಗದಕ್ಕೆ ಸಹಿ ಮಾಡಿದ್ದರು. ನಾಳೆ ಔಷಧ ಕೊಡುವುದಿತ್ತು. ನಮ್ಮ ಕೂಸೂ ಅದರಲ್ಲಿ ಸೇರಿದ್ದು ಅಂತ ನರ್ಸಿಗೆ ಮಹಾನಂದಾ ಹೇಳುವಾಗ ಕೇಳಿಸಿಕೊಂಡಿದ್ದಳು.

"ಆಯಿ, ನಿಮ್ಮ ಕೂಸಿಗೆ ಮತ್ಯಾಕ ಹಿಂಗಾತು? ಆ ಔಷಧದಿಂದ ಏನಾದ್ರೂ..." ಅಂದು ನಿಲ್ಲಿಸಿದಳು. ಹಾಲಿನ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

ನಾನು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ.

ಸ್ವಲ್ಪ ಹೊತ್ತಿಗೆ ಮೇಡಂ ನಮ್ಮನ್ನು ಅದೇ ಸಣ್ಣ ಖೋಲಿಗೆ ಕರೆದರು. ನಾವು ಮೂವರು ಹೆಂಗಸರೇ, ಶರಣಪ್ಪ ಇನ್ನೂ ದಾರಿಯಲ್ಲಿದ್ದ. ಮೇಡಂ ಮುಂದೆ ಫೋನಿನ ಹುಡುಗಿ ತುಂಬಿದ ಹಾಳೆಗಳಿದ್ದವು. ಒಂದೊಂದರಲ್ಲೂ ನನ್ನ ಇಲ್ಲ ಇತ್ತು.

"ಮನ್ಯಾಗ ಯಾರಿಗಾದ್ರೂ ಜ್ವರ? ಹೊರಗಿನ ಮಂದಿ? ಹೊಗಿ?" ಅಂತ ಕೇಳಿದರು.

"ಏನೂ ಇಲ್ರಿ ಮೇಡಂ" ಅಂದಳು ಮಹಾನಂದಾ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಶೆಡ್ಡಿನ ಹೊಗೆ ಒಳಗೆ ಬಾರದಂತೆ ನಾನು ಹಿಂದಿನ ಬಾಗಿಲು ಮುಚ್ಚಿಡುತ್ತೇನೆ ಅಂತ ನಂಬಿದ್ದಳು.

ಮೇಡಂ ಪೆನ್ನು ಕೆಳಗಿಟ್ಟರು. ಚೆನ್ನಾಗಿದ್ದ ಕೂಸಿಗೆ ಒಮ್ಮೆಲೇ ಹೀಗಾದರೆ ಅದನ್ನು ಈ ಔಷಧದ ಲೆಕ್ಕ ನೋಡಿಕೊಳ್ಳುವ ಮೇಲಿನವರಿಗೆ ತಿಳಿಸಲೇಬೇಕು ಅಂದರು. ಬೇರೆ ಕಾರಣ ಸಿಗದಿದ್ದರೆ, ಆ ಕೋಶದಿಂದಲೇ ಆಯಿತೋ ಏನೋ ಅಂತ ಅನುಮಾನ ಪಡಬೇಕಾಗುತ್ತದೆ. ಅದು ತಿಳಿಯುವವರೆಗೆ ಹೊಸ ಕೂಸುಗಳಿಗೆ ಕೊಡುವುದನ್ನು ತಡೆಯಬೇಕಾಗಬಹುದು. ಇದನ್ನು ಕೊಡುವ ದಿನಗಳು ಸ್ವಲ್ಪವೇ. ಆ ದಿನ ದಾಟಿದರೆ ಆ ಕೂಸಿಗೆ ಮತ್ತೆ ಕೊಡಲು ಬರುವುದಿಲ್ಲ.

ನನಗೆ ಹೊರಗಿನ ಆ ಬಟ್ಟಲು ಕಣ್ಣಿಗೆ ಬಂತು. ನಾನು ಏನು ಮಾಡುತ್ತಿದ್ದೇನೆ ಅಂತ ಆಗ ಗೊತ್ತಾಯಿತು. ನನ್ನ ಕೂಸಿಗೆ ನಾನು ಮಾಡಿದ್ದನ್ನು ಯಾರೋ ಗೊತ್ತಿಲ್ಲದ ತಾಯಿ ಕೊಟ್ಟ ಬಳ್ಳಿಯ ಮೇಲೆ ಹಾಕಲು ಹೊರಟಿದ್ದೆ. ಮತ್ತೊಬ್ಬಳ ಕೂಸಿಗೆ ಬರುವುದನ್ನು ತಪ್ಪಿಸಲು ಹೊರಟಿದ್ದೆ. ಅಷ್ಟೇ ಅಲ್ಲ, ಒಳಗೆ ಮಲಗಿದ್ದ ಆರೂಗೆ ಏನು ಇಲಾಜು ಮಾಡಬೇಕು ಅಂತ ಡಾಕ್ಟರು ಕತ್ತಲೆಯಲ್ಲಿ ತಡಕುತ್ತಿದ್ದರು, ಕಂದೀಲು ನನ್ನ ಸೆರಗಿನಲ್ಲಿತ್ತು.

"ಹೊಗಿ ಹಾಕಿದ್ದು ನಾನು" ಅಂದೆ.

ಮೂವರೂ ನನ್ನ ಕಡೆ ತಿರುಗಿದರು.

"ನಿನ್ನಿ ಕೂಸಿಗೆ ಲೋಬಾನದ ಹೊಗಿ ಹಿಡಿದೆ, ದುಪ್ಪಟಿ ಮುಚ್ಚಿ. ಅದಲ್ದ ಹಿಂದ ನಾಕು ಕಟಗಿ ಒಲಿ ದಿನಾ ಉರಿತಾವ. ಫೋನಿನ್ಯಾಗ ಇಲ್ಲ ಅಂದಿದ್ದೆಲ್ಲ ಸುಳ್ಳ. ಈ ಹುಡುಗಿಗೆ ಗೊತ್ತಿಲ್ಲ, ಇಕಿ ತಪ್ಪಿಲ್ಲ. ನಂದಂತ ಬರಕೋರಿ."

ಮಹಾನಂದಾ ನನ್ನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ. ಅವಳು ಕೂಗಾಡಲಿಲ್ಲ. ಮೆಲ್ಲಗೆ, "ಇನ್ನ ನನ್ನ ಕೂಸಿನ ಹತ್ತರ ಬರಬ್ಯಾಡ ಯವ್ವಾ" ಅಂದಳು.

ಆಗ ಬೀಗತಿ ಬಾಯಿ ಬಿಟ್ಟಳು. ಸುಮ್ಮನಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ನಾನು ಅವಳ ಹೆಸರು ಎತ್ತಿರಲಿಲ್ಲ, ಎತ್ತುವವಳೂ ಅಲ್ಲ.

"ಲೋಬಾನ ಜೇವರ್ಗಿಯಿಂದ ತಂದಾಕಿ ನಾನ್ರಿ ಮೇಡಂ. ಹಾಕ್ರಿ ಅಂದಾಕಿನೂ ನಾನೇ. ಎಲ್ಲಾ ಈ ಬೀಗತಿ ಒಬ್ಬಾಕಿನೇ ತಲಿ ಮ್ಯಾಲೆ ಹೊತ್ತುಕೊಂಡು ದೊಡ್ಡಾಕಿ ಆಗೂದು ಬ್ಯಾಡ. ನನ್ನ ಹೆಸರೂ ಬರೀರಿ."

ಮೇಡಂ ಇಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಹೊಸ ಹಾಳೆ ತೆಗೆದು ಕೇಳುತ್ತಾ ಹೋದರು. ಎಷ್ಟು ಹೊತ್ತು ಹಿಡಿದಿರಿ, ಕೆಂಡ ಯಾವ ಕಟ್ಟಿಗೆಯದು, ಶೆಡ್ಡಿಗೂ ಕೂಸಿನ ತೊಟ್ಟಿಲಿಗೂ ಎಷ್ಟು ಮಾರು, ದಿನಕ್ಕೆ ಎಷ್ಟು ಹೊತ್ತು ಒಲೆ ಉರಿಯುತ್ತದೆ. ಹೇಳಿದ್ದನ್ನೆಲ್ಲ ಬರೆದುಕೊಂಡರು. ಹಳೆಯ ಹಾಳೆಗಳಲ್ಲಿ ನನ್ನ ಇಲ್ಲ ಇದ್ದಲ್ಲೆಲ್ಲ ಒಂದೊಂದು ಗೀಟು ಎಳೆದು, ಪಕ್ಕಕ್ಕೆ ತಾರೀಖು ಹಾಕಿ ಸಹಿ ಮಾಡಿದರು. ಕೊನೆಗೆ ನನ್ನನ್ನು ನೋಡಿ, "ಆಯಿ, ಹೊಗಿಯೊಂದೇ ಕಾರಣ ಅಂತ ನಾ ಈಗಲೇ ಹೇಳೂದಿಲ್ಲ. ನೆಗಡಿದೂ ಟೆಸ್ಟ್ ಮಾಡ್ತೇವಿ. ಆದ್ರ ಎಲ್ಲಿ ನೋಡಬೇಕು ಅಂತ ಗೊತ್ತಾತು" ಅಂದರು.

ಹೊರಗೆ ಬಂದು ಮಾದನಹಿಪ್ಪರಗಾದ ಹೆಣ್ಣುಮಗಳ ಪಕ್ಕ ಕೂತೆ. ನಮ್ಮ ಕೂಸಿಗೆ ನಾನೇ ಹೊಗೆ ಕುಡಿಸಿದೆ, ಔಷಧದ ಮಾತು ಡಾಕ್ಟರನ್ನು ಕೇಳು, ನನ್ನಂಥವಳನ್ನು ಕೇಳಬೇಡ ಅಂದೆ. ಅವಳು, "ನಮ್ಮತ್ತಿನೂ ಲೋಬಾನ ತಂದಿಟ್ಟಾಳ" ಅಂದಳು. ಮರುದಿನ ಅವಳ ಕೂಸಿಗೆ ಕಾಗದ ಸುತ್ತಿದ ಸಿರಿಂಜು ಹೋದದ್ದನ್ನು ನೋಡಿದೆ. ಮೇಲಿನವರು ತಡೆಯಲಿಲ್ಲ.

ಆರೂ ಒಂಬತ್ತು ದಿನಕ್ಕೆ ಮತ್ತೆ ಆಕ್ಸಿಜನ್ ಬಿಟ್ಟಳು. ಮಹಾನಂದಾ ಆಸ್ಪತ್ರೆಯಿಂದ ಸೀದಾ ಜೇವರ್ಗಿಗೆ ಹೋದಳು. ಅವಳು ಮಾಡಿದ್ದು ಸರಿ. ನಾನು ಊರಿಗೆ ಬಂದು ಹಾರೆ ತೆಗೆದುಕೊಂಡು ನಾಲ್ಕೂ ಒಲೆ ಕಿತ್ತೆ. ಜೊತೆಯ ಹೆಂಗಸರು ಹುಚ್ಚು ಹಿಡಿಯಿತೇನು ಅಂತ ನಿಂತು ನೋಡಿದರು. ಈಗ ಗ್ಯಾಸಿನ ಭಟ್ಟಿಯ ಮೇಲೆ ರೊಟ್ಟಿ. ಮೊದಮೊದಲು ಖಾನಾವಳಿಯವನು ಬಂದು, ಮೊದಲಿನ ರುಚಿ ಇಲ್ಲ, ಹೊಗೆಯ ಘಮ ಇಲ್ಲ ಅಂದ. ಆ ಘಮ ಬೇಕಾದರೆ ನನ್ನ ಹಳೆ ಸೀರೆ ಕೊಡ್ತೇನಿ, ಮೂಸು ಅಂದೆ. ಮತ್ತೆ ಕೇಳಲಿಲ್ಲ. ಜೊತೆಯವರ ಕಣ್ಣುರಿ ಕಮ್ಮಿಯಾಗಿದೆ. ನನ್ನ ಕೆಮ್ಮು ಹೋಗಿಲ್ಲ. ಅದು ಇನ್ನು ಹೋಗುವಂಥದ್ದಲ್ಲ.

ಎರಡು ತಿಂಗಳು ಮಗಳು ಮಾತು ಬಿಟ್ಟಿದ್ದಳು. ನಾನೂ ಫೋನು ಮಾಡಲಿಲ್ಲ, ಮಾಡಿ ಏನು ಹೇಳುವುದು. ಒಂದು ದಿನ ಬೀಗತಿಯ ಫೋನು ಬಂತು.

"ಬೀಗತಿ, ಕೂಸು ನಿಮ್ಮನ್ನ ನೆನಸತದೋ ಇಲ್ಲೋ ನನಗ ಗೊತ್ತಿಲ್ಲ. ನನಗ ಮಾತ್ರ ಇಲ್ಲಿ ಜಗಳಾಡಾಕ ಒಬ್ಬರೂ ಇಲ್ಲ. ನಿಮ್ಮ ಮಗಳು ಏನಂದ್ರೂ ಹೂಂ ಅಂತಾಳ, ಸಾಕಾಗ್ಯದ. ಬರ್ರಿ."

ಒಲೆ ಕಿತ್ತ ಮಾತನ್ನು ಮಗಳಿಗೆ ಮುಟ್ಟಿಸಿದವಳೂ ಅವಳೇ ಅಂತ ಆಮೇಲೆ ತಿಳಿಯಿತು. ಹೋದೆ. ಮಹಾನಂದಾ ಬಾಗಿಲಲ್ಲಿ ನನ್ನ ಸೀರೆಯ ಸೆರಗು ಹಿಡಿದು ಮೂಸಿ ನೋಡಿದಳು. ಆಮೇಲೆ ಕೂಸನ್ನು ಕೈಗೆ ಕೊಟ್ಟಳು.

ಆರೂಗೆ ಈಗ ಎರಡೂವರೆ ವರ್ಷ. ಅವಳಿಗೆ ಸಿಕ್ಕದ್ದು ಕೋಶವೋ ಉಪ್ಪುನೀರೋ ನಮಗೆ ಇನ್ನೂ ತಿಳಿದಿಲ್ಲ. ಎಲ್ಲ ಊರಿನ ಕೂಸುಗಳ ಲೆಕ್ಕ ಮುಗಿದ ಮೇಲೆ ಚೀಟಿ ಬಿಚ್ಚುತ್ತಾರಂತೆ. ಆ ಔಷಧದಿಂದ ಅಂಥ ಕೂಸುಗಳಿಗೆ ಚಲೋ ಆಗುತ್ತದಾ ಅಂತ ಮೇಡಂ ಅವರನ್ನು ಕೇಳಿದರೆ ಇವತ್ತೂ, ಗೊತ್ತಿಲ್ಲ ಆಯಿ, ನೋಡಾಕತ್ತೇವಿ ಅಂತಾರೆ. ಓಣಿಯವರು ನನ್ನನ್ನು ಕೇಳಿದರೆ ನಾನೂ ಗೊತ್ತಿಲ್ಲ ಅಂತೇನೆ. ಮೊದಲು ಆ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಫೋನಿನ ಹುಡುಗಿ ಈಗ ಮೂರು ತಿಂಗಳಿಗೊಮ್ಮೆ ಕೇಳುತ್ತಾಳೆ. ಪಕ್ಕದ ಮನೆಯವರು ಕಸ ಸುಟ್ಟರೂ ಹೇಳಿಬಿಡುತ್ತೇನೆ. ಸಾಕು ಆಯಿ, ಇಷ್ಟೆಲ್ಲ ಬ್ಯಾಡ ಅಂತ ಅವಳೇ ನಗುತ್ತಾಳೆ.

ಒಮ್ಮೊಮ್ಮೆ ಆ ಬಳ್ಳಿ ಕೊಟ್ಟ ತಾಯಿಯ ನೆನಪಾಗುತ್ತದೆ. ನಮಗೆ ಅವಳದು ಸಿಕ್ಕಿರಲಿ, ಸಿಗದಿರಲಿ. ಹೆತ್ತು ಹಾಸಿಗೆಯ ಮೇಲೆ ಮಲಗಿದ್ದಾಗ ಯಾರೋ ಕೇಳಿದರು, ಹುಗಿಯುವುದನ್ನು ಯಾರ ಕೂಸಿಗಾದರೂ ಆಗಲಿ ಅಂತ ಕೊಟ್ಟಳು. ಎದುರು ಸಿಕ್ಕರೆ ಗುರುತು ಹತ್ತುವುದಿಲ್ಲ. ಎರಡು ರೊಟ್ಟಿ ಕೊಡೋಣ ಅಂದರೆ ಯಾರಿಗೆ ಕೊಡಲಿ?

ಹೋದ ವಾರ ಮಗಳು, ಬೀಗತಿ ಎಲ್ಲ ನಮ್ಮಲ್ಲಿಗೆ ಬಂದಿದ್ದರು. ಆರೂ ಶೆಡ್ಡಿನ ಮೂಲೆಯಿಂದ ಹಳೆಯ ಊದುಗೊಳವೆ ಎಳೆದು ತಂದಳು. ಒಲೆ ಕಿತ್ತ ದಿನವೇ ಅದನ್ನು ತಿಕ್ಕಿ ತೊಳೆದು ಇಟ್ಟಿದ್ದೆ, ಯಾಕೆ ಅಂತ ಗೊತ್ತಿಲ್ಲ. ಮಹಾನಂದಾ ಕಸಿದುಕೊಳ್ಳಲು ಹೋದಳು, ಇರಲಿ ಬಿಡು ಅಂದೆ. ಕೂಸು ಅದರ ಒಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಇನ್ನೊಂದು ತುದಿಗೆ ಬಾಯಿ ಹಚ್ಚಿ ಊದಿತು. ಮೊದಲು ಬರೀ ಜೊಲ್ಲು. ಆಮೇಲೆ ಗುಳುಗುಳು ಅಂತ ಗುಳ್ಳೆ ಎದ್ದು ನೀರು ಚಿಮ್ಮಿ ಬೀಗತಿಯ ಇಳಕಲ್ ಸೀರೆ ತೋಯಿತು.

"ನಿಮ್ಮ ಮೊಮ್ಮಗಳಿಗೆ ಏನ್ ಕಲಿಸೀರಿ ಬೀಗತಿ?" ಅಂದಳು.

"ಊದೂದು" ಅಂದೆ.

ಕೂಸು ನಮ್ಮ ಕಡೆ ನೋಡಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಊದಿತು, ಮತ್ತೆ ಎಳೆದುಕೊಂಡಿತು. ನಾನು ಹಿಟ್ಟಿನ ಕೈ ಹಾಗೇ ಬಿಟ್ಟು ಅವಳ ಎದೆಯನ್ನೇ ನೋಡುತ್ತಾ ಕೂತೆ. ಅದು ತಾನೇ ಏಳುತ್ತಿತ್ತು, ತಾನೇ ಇಳಿಯುತ್ತಿತ್ತು.